ಸಿಂಥೆಟಿಕ್ ಓಪಿಯಾಯ್ಡ್‌ಗಳು ಮತ್ತು ಮಾದಕವಸ್ತು ನೀತಿ: ಕುಂದುರ್ಪಿ ಗಡಿನಾಡಿನ ನೆಲೆಯಿಂದ

ಗಸಗಸೆ ಕಾಯಿಯ ಹಾಲಿನಿಂದ ಅಫೀಮು, ಅಫೀಮಿನಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್. ಈ ಸರಣಿಗೆ ಹೊಲ ಬೇಕು, ಹದವಾದ ಚಳಿ ಬೇಕು, ಕಾಯಿ ಗೀರುವ ಕೈಗಳು ಬೇಕು. ಸಿಂಥೆಟಿಕ್ ಓಪಿಯಾಯ್ಡ್‌ಗಳಿಗೆ ಇದಾವುದೂ ಬೇಡ. ಇವು ರಾಸಾಯನಿಕಗಳಿಂದಲೇ ತಯಾರಾಗುವ, ಅಫೀಮಿನ ಹಾಗೆ ನೋವು ಕಳೆಯುವ, ಅಫೀಮಿನ ಹಾಗೆಯೇ ಚಟ ಹಿಡಿಸುವ ಔಷಧಗಳು. ಪೆಥಿಡಿನ್, ಮೆಥಡೋನ್, ಫೆಂಟನಿಲ್, ಟ್ರಮಡಾಲ್, ಟಪೆಂಟಡಾಲ್ ಮತ್ತು ಇತ್ತೀಚೆಗೆ ಭಯ ಹುಟ್ಟಿಸಿರುವ ನಿಟಜೀನ್‌ಗಳು ಈ ಗುಂಪಿಗೆ ಸೇರುತ್ತವೆ. ಸಣ್ಣ ಕೋಣೆಯೊಂದರಲ್ಲಿ ವರ್ಷವಿಡೀ ತಯಾರಿಸಬಹುದಾದ ಈ ಮದ್ದುಗಳು ಕಳೆದ 30 ವರ್ಷಗಳಲ್ಲಿ ಜಗತ್ತಿನ ಮಾದಕವಸ್ತು ವ್ಯವಹಾರವನ್ನೇ ಬದಲಿಸಿವೆ.

ಈ ಲೇಖನ ವಿಷಯವನ್ನು ಆಂಧ್ರಪ್ರದೇಶದ ಕುಂದುರ್ಪಿ ಸುತ್ತಲಿನ ಗಡಿನಾಡಿನಲ್ಲಿ ನಿಂತು ನೋಡುತ್ತದೆ. ಅನಂತಪುರ ಜಿಲ್ಲೆಯ ಕುಂದುರ್ಪಿ ಮಂಡಲಕ್ಕೆ ಒಂದು ಮಗ್ಗುಲಲ್ಲಿ ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರ ಸೀಮೆ, ಇನ್ನೊಂದು ಮಗ್ಗುಲಲ್ಲಿ ಪಾವಗಡ. ಉತ್ತರಕ್ಕೆ ಕಲ್ಯಾಣದುರ್ಗ, ರಾಯದುರ್ಗ. ದಕ್ಷಿಣಕ್ಕೆ 2022ರ ಏಪ್ರಿಲ್‌ನಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದ ಹಿಂದೂಪುರ, ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಮಳೆ ಕೈಕೊಟ್ಟ ವರ್ಷ ಕೂಲಿಗೆ ಬೆಂಗಳೂರು. ಇಲ್ಲಿನ ಎಷ್ಟೋ ಕುಟುಂಬಗಳ ಬದುಕು ಹೀಗೆ ಸಾಗುತ್ತದೆ. ಅಮೆರಿಕದ ಪಟ್ಟಣಗಳಂತೆ ಫೆಂಟನಿಲ್‌ನಿಂದ ಜನ ಸಾಯುತ್ತಿರುವ ಊರುಗಳಲ್ಲ ಇವು. ಆದರೆ ಸೇಂದಿಗೆ ಕಾರ್ಖಾನೆಯ ನಿದ್ರೆಮದ್ದು ಬೆರೆಸುವ ತೆಲಂಗಾಣ, ರಾಯಲಸೀಮೆ, ರಾಯಚೂರಿನ ಹಳೆಯ ದಂಧೆ, ನೋವಿನ ಗುಳಿಗೆಗೆ ಚಟ ಬಿದ್ದಿರುವ ಬೆಂಗಳೂರಿನ ಗಲ್ಲಿಗಳು, ಔಷಧ ರಾಸಾಯನಿಕಗಳ ರಾಜಧಾನಿಯಾಗಿರುವ ಹೈದರಾಬಾದ್, ಈ ಮೂರರ ನಡುವೆ ಈ ಸೀಮೆ ಇದೆ. ಬೇರೆ ಕಡೆ ಕೈಗೊಂಡ ನೀತಿಗಳು ಗೆದ್ದದ್ದೆಲ್ಲಿ, ಸೋತದ್ದೆಲ್ಲಿ ಎಂಬುದು ಇಲ್ಲಿನವರಿಗೆ ದೂರದ ಸುದ್ದಿಯಲ್ಲ.

ಮದ್ದಾಗಿಯೂ ವಿಷವಾಗಿಯೂ

ಮೊದಲ ಸಿಂಥೆಟಿಕ್ ಓಪಿಯಾಯ್ಡ್‌ಗಳಾದ ಪೆಥಿಡಿನ್ ಮತ್ತು ಮೆಥಡೋನ್ 1930ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಹುಟ್ಟಿದವು. ಬೆಲ್ಜಿಯಂನ ಪೌಲ್ ಯಾನ್ಸನ್ 1960ರಲ್ಲಿ ಫೆಂಟನಿಲ್ ತಯಾರಿಸಿದರು. ಅದು ಮಾರ್ಫಿನ್‌ಗಿಂತ ಸುಮಾರು 100 ಪಟ್ಟು ಪ್ರಬಲ. ಇಂದಿಗೂ ಆಪರೇಷನ್ ಥಿಯೇಟರುಗಳಲ್ಲಿ ಅರಿವಳಿಕೆ ವೈದ್ಯರ ನಂಬಿಕೆಯ ಔಷಧ ಅದೇ. ಕ್ಯಾನ್ಸರ್ ರೋಗಿಗಳಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿಯ ರೂಪದಲ್ಲೂ ಸಿಗುತ್ತದೆ. ಜರ್ಮನಿಯ ಗ್ರೂನೆಂಟಾಲ್ ಕಂಪನಿ 1977ರಲ್ಲಿ ಟ್ರಮಡಾಲನ್ನು ಮಾರುಕಟ್ಟೆಗೆ ಬಿಟ್ಟಿತು. ಚಟದ ಭಯ ಕಡಿಮೆ ಎಂಬ ನಂಬಿಕೆಯಿಂದ ಅದು ಬಹುಕಾಲ ಸಲೀಸಾಗಿ ಮಾರಾಟವಾಯಿತು. ಟಪೆಂಟಡಾಲ್ ಅದೇ ಕಂಪನಿಯ ಮುಂದಿನ ಮದ್ದು. ಅಮೆರಿಕದಲ್ಲಿ ಅದಕ್ಕೆ 2008ರಲ್ಲಿ ಮಂಜೂರಾತಿ ಸಿಕ್ಕಿತು.

ಈ ಎಲ್ಲ ಮದ್ದುಗಳೂ ಮಿದುಳಿನ ಒಂದೇ ಬಗೆಯ ಗ್ರಾಹಕಗಳನ್ನು ಹಿಡಿಯುತ್ತವೆ. ನೋವು ಮತ್ತು ಆತಂಕವನ್ನು ಅಡಗಿಸುವ ಆ ಗ್ರಾಹಕಗಳೇ ಉಸಿರಾಟದ ಲಯವನ್ನೂ ಅಡಗಿಸುತ್ತವೆ. ಸಾವು ಬರುವುದು ಈ ದಾರಿಯಿಂದ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ತುಟಿ ಮತ್ತು ಉಗುರು ನೀಲಿಗಟ್ಟುತ್ತವೆ, ನಿಮಿಷಕ್ಕೆ ಹದಿನಾಲ್ಕು ಹದಿನೈದು ಸಲ ನಡೆಯಬೇಕಾದ ಉಸಿರು ಆರೇಳಕ್ಕೆ ಇಳಿಯುತ್ತದೆ, ಗಂಟಲಿನಿಂದ ಗೊರಗೊರ ಸದ್ದು ಬರುತ್ತದೆ. ಚೆನ್ನಾಗಿ ನಿದ್ದೆ ಬಂದಿದೆ ಎಂದು ಮನೆಯವರು ಸುಮ್ಮನಿರುವುದು ಇಂಥ ಹೊತ್ತಿನಲ್ಲೇ. ತಟ್ಟಿದರೂ ಕೂಗಿದರೂ ಏಳದವನದು ನಿದ್ದೆಯಲ್ಲ ಎಂಬ ತಿಳಿವಳಿಕೆ ಎಷ್ಟು ಜನರಿಗೆ ಇದೆಯೋ ಅಷ್ಟು ಜೀವ ಉಳಿಯುತ್ತವೆ.

ಇನ್ನೊಂದು ಸಂಗತಿ ನೀತಿ ರೂಪಿಸುವವರಿಗೂ ಮನೆಯವರಿಗೂ ಗೊತ್ತಿರಬೇಕು. ದಿನವೂ ತೆಗೆದುಕೊಳ್ಳುವವರ ದೇಹ ಪ್ರಮಾಣಕ್ಕೆ ಒಗ್ಗುತ್ತ ಹೋಗುತ್ತದೆ. ಜೈಲಿನಲ್ಲೋ ಶಿಬಿರದಲ್ಲೋ ಕೆಲವು ವಾರ ಬಿಟ್ಟಿದ್ದರೆ ಆ ಒಗ್ಗುವಿಕೆ ಇಳಿದುಹೋಗುತ್ತದೆ. ಹೊರಗೆ ಬಂದವರು ಹಿಂದಿನ ಅಳತೆಯಲ್ಲೇ ತೆಗೆದುಕೊಂಡರೆ ದೇಹ ತಾಳುವುದಿಲ್ಲ. ಬಿಡುಗಡೆಯಾದ ಮೊದಲ ಎರಡು ವಾರಗಳು ಅತ್ಯಂತ ಅಪಾಯದವು ಎಂಬುದನ್ನು ಹಲವು ದೇಶಗಳ ಅನುಭವ ತೋರಿಸಿದೆ.

ಹರಡಿದ ಬಗೆ

ಅಮೆರಿಕದ ಕಥೆ ಕಳ್ಳಸಾಗಣೆಯಿಂದ ಶುರುವಾದದ್ದಲ್ಲ, ವೈದ್ಯರ ಚೀಟಿಯಿಂದ ಶುರುವಾದದ್ದು. ಪರ್ಡ್ಯೂ ಫಾರ್ಮಾ 1996ರಲ್ಲಿ ಆಕ್ಸಿಕಾಂಟಿನ್ ಗುಳಿಗೆ ತಂದಿತು. ಚಟದ ಅಪಾಯ ಕಡಿಮೆ ಎಂದು ವೈದ್ಯರನ್ನು ನಂಬಿಸಿತು. 2007ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಚೀಟಿಗಳ ಮೇಲೆ ಬಿಗಿ ಬಂದಾಗ ಚಟಕ್ಕೆ ಸಿಕ್ಕವರು ಹೆರಾಯಿನ್ ಕಡೆ ಹೊರಳಿದರು. 2013ರಿಂದಾಚೆ ಹೆರಾಯಿನ್ ಜಾಗಕ್ಕೆ ಕಳ್ಳತಯಾರಿಕೆಯ ಫೆಂಟನಿಲ್ ಬಂತು. 2022ರಲ್ಲಿ ಆ ದೇಶದಲ್ಲಿ ಮಾದಕವಸ್ತು ಮಿತಿಮೀರಿ ಸತ್ತವರು ಸುಮಾರು 1,08,000 ಜನ; ಅವರಲ್ಲಿ ಸುಮಾರು 74,000 ಸಾವುಗಳ ಹಿಂದೆ ಸಿಂಥೆಟಿಕ್ ಓಪಿಯಾಯ್ಡ್‌ಗಳಿದ್ದವು. 2024ರಲ್ಲಿ ಒಟ್ಟು ಸಂಖ್ಯೆ 80,000ದ ಸುಮಾರಿಗೆ ಇಳಿಯಿತು. ಇದಕ್ಕೆ ಕಾರಣ ಯಾವುದು ಎಂಬುದರಲ್ಲಿ ತಜ್ಞರಿಗೆ ಒಮ್ಮತವಿಲ್ಲವಾದರೂ, ಓಪಿಯಾಯ್ಡ್‌ನ ಪ್ರತಿಮದ್ದು ನಲಾಕ್ಸೋನ್ ಮನೆಮನೆಗೆ ತಲುಪಿದ್ದನ್ನು ಬಹುತೇಕ ಎಲ್ಲರೂ ಹೆಸರಿಸುತ್ತಾರೆ.

ಬಿಗಿ ಮಾಡಿದಾಗ ಹಲವು ಸಲ ಮುಂದಿನ ಮದ್ದು ಹಿಂದಿನದಕ್ಕಿಂತ ಪ್ರಬಲವಾಗಿ ಬಂದಿದೆ. ತಾಲಿಬಾನ್ 2000ದಲ್ಲಿ ಗಸಗಸೆ ಬೇಸಾಯ ನಿಲ್ಲಿಸಿದ ನಂತರ ಹೆರಾಯಿನ್ ಕೊರತೆ ಕಂಡ ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ ಫೆಂಟನಿಲ್ ಬೇರೂರಿತು. 2019ರ ಮೇ 1ರಿಂದ ಚೀನಾ ಇಡೀ ಫೆಂಟನಿಲ್ ವರ್ಗವನ್ನೇ ನಿಯಂತ್ರಣಕ್ಕೆ ತಂದಿತು. ವ್ಯಾಪಾರ ಸಿದ್ಧ ಮಾಲಿನಿಂದ ಕಚ್ಚಾ ರಾಸಾಯನಿಕಗಳಿಗೆ ಹೊರಳಿತು. ಅದೇ ಹೊತ್ತಿಗೆ, 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ಶೋಧಿಸಿ, ಅಪಾಯಕಾರಿಯೆಂದು ಬದಿಗಿಟ್ಟಿದ್ದ ನಿಟಜೀನ್‌ಗಳು ಬೀದಿಗೆ ಬಂದವು. ಇವುಗಳಲ್ಲಿ ಕೆಲವು ಫೆಂಟನಿಲ್ಲನ್ನೂ ಮೀರಿಸುವಷ್ಟು ಪ್ರಬಲ. ಸಿಯೆರಾ ಲಿಯೋನ್ ದೇಶದ ‘ಕುಶ್’ ಎಂಬ ಸೇದುವ ಮಿಶ್ರಣದಲ್ಲೂ ನಿಟಜೀನ್ ಪತ್ತೆಯಾಗಿದೆ. ಅಲ್ಲಿನ ಸರ್ಕಾರ 2024ರ ಏಪ್ರಿಲ್‌ನಲ್ಲಿ ಈ ಪಿಡುಗಿನ ಕಾರಣಕ್ಕೇ ರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿತು.

ಆಫ್ರಿಕದ ಅಧ್ಯಾಯದಲ್ಲಿ ಭಾರತದ ಹೆಸರು ಒಳ್ಳೆಯ ಕಾರಣಕ್ಕೆ ಬರುವುದಿಲ್ಲ. ಪಶ್ಚಿಮ ಮತ್ತು ಉತ್ತರ ಆಫ್ರಿಕದ ಟ್ರಮಡಾಲ್ ಹಾವಳಿಗೆ ಮಾಲು ಬಹುಪಾಲು ಹೋದದ್ದು ಇಲ್ಲಿಂದ. ವೈದ್ಯರು ಬರೆಯುವ ಗುಳಿಗೆ 50 ಅಥವಾ 100 ಮಿಲಿಗ್ರಾಂನದಾದರೆ ಅಲ್ಲಿ ಸಿಕ್ಕಿದ್ದು 225 ಮಿಲಿಗ್ರಾಂನವು. ಚಿಕಿತ್ಸೆಗೆಂದು ಯಾರೂ ಆ ಅಳತೆಯಲ್ಲಿ ತಯಾರಿಸುವುದಿಲ್ಲ. ನೈಜೀರಿಯಾದ 2018ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಲ್ಲಿ 46 ಲಕ್ಷ ಜನ ಔಷಧದಂಗಡಿಯ ಓಪಿಯಾಯ್ಡ್‌ಗಳನ್ನು ಚಿಕಿತ್ಸೆಯ ಹೊರತಾಗಿ ಬಳಸುತ್ತಿದ್ದರು. ಭಾರತ 2018ರಲ್ಲಿ ಟ್ರಮಡಾಲ್‌ಗೆ ಕಡಿವಾಣ ಹಾಕಿದ ಮೇಲೆ ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಎರಡನ್ನೂ ಸೇರಿಸಿದ, ಎಲ್ಲೂ ಚಿಕಿತ್ಸೆಗೆ ಪರವಾನಗಿಯಿಲ್ಲದ ಗುಳಿಗೆ ಹೊರಟಿತು. ಬಿಬಿಸಿ 2025ರ ಫೆಬ್ರುವರಿಯಲ್ಲಿ ಇದನ್ನು ಬಯಲಿಗೆಳೆದ ಬೆನ್ನಲ್ಲೇ ಕೇಂದ್ರದ ಔಷಧ ನಿಯಂತ್ರಕರು ಈ ಜೋಡಿಯ ತಯಾರಿಕೆ ಮತ್ತು ರಫ್ತಿನ ಅನುಮತಿಗಳನ್ನು ಹಿಂಪಡೆಯುವಂತೆ ರಾಜ್ಯಗಳಿಗೆ ಸೂಚಿಸಿದರು. ನಮ್ಮ ಜನ ನುಂಗಬಾರದೆಂದು ನಾವೇ ಹೇಳುವ ಗುಳಿಗೆಯನ್ನು ಘಾನಾದ ಹುಡುಗರಿಗೆ ಕಳಿಸಿದ್ದು ಭಾರತೀಯ ಔಷಧೋದ್ಯಮದ ಹೆಸರಿಗೆ ಹತ್ತಿದ ಕಳಂಕವೇ ಸರಿ.

ಫೆಂಟನಿಲ್ ಮತ್ತು ಅದರ ಕಚ್ಚಾವಸ್ತುಗಳ ವಿಷಯದಲ್ಲೂ ಭಾರತದತ್ತ ಬೆರಳು ತೋರಿಸಲಾಗಿದೆ. 2018ರ ಸೆಪ್ಟೆಂಬರ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಇಂದೋರಿನ ಕಳ್ಳ ಪ್ರಯೋಗಾಲಯವೊಂದರಲ್ಲಿ ಸುಮಾರು 9 ಕೆ.ಜಿ. ಫೆಂಟನಿಲ್ ಹಿಡಿಯಿತು, ಬಂಧಿತರಲ್ಲಿ ಮೆಕ್ಸಿಕೋದ ಪ್ರಜೆಯೊಬ್ಬನಿದ್ದ. 2025ರ ಮಾರ್ಚ್‌ನಲ್ಲಿ ಹೈದರಾಬಾದ್ ಮೂಲದ ರಾಸಾಯನಿಕ ಕಂಪನಿಯೊಂದರ ಮೇಲೆ ಅಮೆರಿಕದಲ್ಲಿ ಕಚ್ಚಾವಸ್ತು ಮಾರಾಟದ ಆರೋಪ ದಾಖಲಾಯಿತು.

ಭಾರತದೊಳಗೆ

ದೆಹಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕವ್ಯಸನ ಚಿಕಿತ್ಸಾ ಕೇಂದ್ರ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಯಾವುದಾದರೊಂದು ಓಪಿಯಾಯ್ಡ್ ಬಳಸುತ್ತಿದ್ದರು. ಹೆರಾಯಿನ್ ಬಳಸುವವರು ಜನಸಂಖ್ಯೆಯ ಶೇ 1.14, ಔಷಧದಂಗಡಿಯ ಓಪಿಯಾಯ್ಡ್ ಬಳಸುವವರು ಶೇ 0.96, ಅಫೀಮು ಬಳಸುವವರು ಶೇ 0.52. ಅಂದರೆ ಕಾನೂನುಬದ್ಧ ಕಾರ್ಖಾನೆಯಿಂದ ಹೊರಟ ಗುಳಿಗೆ, ಸಿರಪ್, ಇಂಜೆಕ್ಷನ್‌ಗಳು ಹೆರಾಯಿನ್‌ಗೆ ಸರಿಸಮವಾಗಿ ನಿಂತಿವೆ. ನೆರವು ಬೇಕಾದವರು ಸುಮಾರು 77 ಲಕ್ಷ.

1990ರ ದಶಕದಲ್ಲೇ ನಗರಗಳಲ್ಲಿ ಪೆಂಟಜೊಸಿನ್ ಮತ್ತು ಬ್ಯುಪ್ರೆನಾರ್ಫಿನ್ ಇಂಜೆಕ್ಷನ್‌ಗಳ ಚಟ ಇತ್ತು. ಈಶಾನ್ಯ ರಾಜ್ಯಗಳಲ್ಲಿ ಡೆಕ್ಸ್‌ಟ್ರೊಪ್ರೊಪಾಕ್ಸಿಫಿನ್ ಕ್ಯಾಪ್ಸೂಲುಗಳನ್ನು ಕರಗಿಸಿ ಚುಚ್ಚಿಕೊಂಡು ಕೈಕಾಲು ಕೊಳೆತವರನ್ನು ಆಸ್ಪತ್ರೆಗಳು ಕಂಡಿವೆ. ಆ ಔಷಧಕ್ಕೆ 2013ರಲ್ಲಿ ತಡೆ ಬಿದ್ದಾಗ ಅದರ ಜಾಗಕ್ಕೆ ಟ್ರಮಡಾಲ್ ಬಂತು. ಟ್ರಮಡಾಲ್ 2018ರ ಏಪ್ರಿಲ್ 26ರಂದು ಮಾದಕವಸ್ತು ಕಾಯ್ದೆಯ ಪಟ್ಟಿಗೆ ಸೇರಿದಾಗ ಟಪೆಂಟಡಾಲ್ ಮುಂದೆ ಬಂತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2020ರ ಹೊತ್ತಿಗೇ ಟಪೆಂಟಡಾಲ್ ವ್ಯಸನವನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿ ಎಚ್ಚರಿಸಿದ್ದರು. ಬಾಯಿಗೆ ಹಾಕಿಕೊಳ್ಳಬೇಕಾದ ಗುಳಿಗೆಯನ್ನು ನರಕ್ಕೆ ಚುಚ್ಚಿಕೊಳ್ಳುವ ಯುವಕರ ಸುದ್ದಿ ಅಲ್ಲಿಂದಾಚೆ ಬೆಂಗಳೂರಿನ ಪೊಲೀಸ್ ಪ್ರಕರಣಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗುಳಿಗೆಯಲ್ಲಿರುವ ಟಾಲ್ಕ್, ಪಿಷ್ಟ, ಅಂಟು ರಕ್ತನಾಳದಲ್ಲಿ ಕೂತು ಕೀವುಗಟ್ಟಿಸುತ್ತವೆ. ಹಂಚಿಕೊಂಡ ಸೂಜಿ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ಹಂಚುತ್ತದೆ.

ಸೇಂದಿ, ಸಿಎಚ್ ಪೌಡರ್ ಮತ್ತು ಗುಳಿಗೆ

ಗಡಿನಾಡಿನಲ್ಲಿ ಕಾರ್ಖಾನೆಯ ಮಾದಕ ಮೊದಲು ಬಂದದ್ದು ಗುಳಿಗೆಯಾಗಿ ಅಲ್ಲ, ಸೇಂದಿಯ ಜೊತೆ. ಈಚಲು ಮರವೋ ತಾಳೆ ಮರವೋ ಕೊಡುವ ಸೇಂದಿಗೆ ಒಂದು ಮಿತಿ ಇದೆ. ಬರಗಾಲದಲ್ಲಿ ಅದು ಇನ್ನೂ ಕಡಿಮೆ. ಅಂಗಡಿಯ ಮುಂದೆ ನಿಲ್ಲುವವರ ಸಂಖ್ಯೆಗೆ ಮಾತ್ರ ಮಿತಿಯಿಲ್ಲ. ಆ ಅಂತರ ತುಂಬಲು ನೀರು, ಸಿಹಿಗೆ ಸ್ಯಾಕರಿನ್, ಮತ್ತಿಗೆ ರಾಯಚೂರು ಸೀಮೆಯಲ್ಲಿ ಸಿಎಚ್ ಪೌಡರ್ ಎಂದು ಕರೆಯುವ ಕ್ಲೋರಲ್ ಹೈಡ್ರೇಟ್. ಇದು 1832ರಲ್ಲಿ ಲೀಬಿಗ್ ಎಂಬ ಜರ್ಮನ್ ವಿಜ್ಞಾನಿ ತಯಾರಿಸಿ, 1869ರಿಂದ ನಿದ್ರೆಮದ್ದಾಗಿ ಬಳಕೆಗೆ ಬಂದ ಪದಾರ್ಥ. ರಾಸಾಯನಿಕವಾಗಿ ತಯಾರಾದ ನಿದ್ರೆಮದ್ದುಗಳಲ್ಲಿ ಅತಿ ಹಳೆಯದು. ನಂತರ ಡಯಜೆಪಾಮ್ ಬಂತು, ಈಗ ಅಲ್ಪ್ರಜೋಲಾಮ್. ಚಿಕಿತ್ಸೆಯಲ್ಲಿ ಅರ್ಧ ಮಿಲಿಗ್ರಾಂಗೂ ಕಡಿಮೆಯಿಂದ ಶುರುಮಾಡುವ ಅಲ್ಪ್ರಜೋಲಾಮನ್ನು ಅಳತೆಯಿಲ್ಲದೆ ಡ್ರಮ್ಮಿಗೆ ಸುರಿದು ಕೋಲಿನಿಂದ ಕದಡಿದರೆ ಒಂದು ಸೀಸೆಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಕುಡಿದವನಿಗೆ ಗೊತ್ತಾಗುವುದು ಕುಡಿದ ಮೇಲೆ. ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ 2025ರ ಜುಲೈನಲ್ಲಿ ಕಲಬೆರಕೆ ಸೇಂದಿ ಕುಡಿದು ಹಲವರು ಸತ್ತರು, ಹತ್ತಾರು ಜನ ಆಸ್ಪತ್ರೆ ಸೇರಿದರು.

ಇವು ಓಪಿಯಾಯ್ಡ್‌ಗಳಲ್ಲ. ಆದರೂ ಈ ಲೇಖನದಲ್ಲಿ ಇವಕ್ಕೆ ದೊಡ್ಡ ಜಾಗ ಸಲ್ಲಬೇಕು, ಏಕೆಂದರೆ ಮದ್ಯ, ಅಲ್ಪ್ರಜೋಲಾಮ್ ಮತ್ತು ಓಪಿಯಾಯ್ಡ್ ಮೂರೂ ಉಸಿರನ್ನು ತಗ್ಗಿಸುವ ಮದ್ದುಗಳು. ಒಂದೊಂದರಿಂದ ಬದುಕುಳಿಯಬಹುದಾದ ದೇಹ ಎರಡು ಸೇರಿದರೆ ಸೋಲುತ್ತದೆ. ಅಮೆರಿಕದಲ್ಲಿ ಓಪಿಯಾಯ್ಡ್‌ನಿಂದ ಸತ್ತವರ ರಕ್ತದಲ್ಲಿ ಬಹಳ ಸಲ ನಿದ್ರೆಮದ್ದೂ ಇರುತ್ತದೆ. ಸಂಜೆ ಕಲಬೆರಕೆ ಸೇಂದಿ ಕುಡಿಯುವ ಕೂಲಿಯವನು ಸೊಂಟನೋವಿಗೆಂದು ಟ್ರಮಡಾಲನ್ನೋ ಟಪೆಂಟಡಾಲನ್ನೋ ನುಂಗಿದರೆ ಅವನಿಗರಿವಿಲ್ಲದೆಯೇ ಈ ಮೂರೂ ಒಂದೇ ಹೊಟ್ಟೆಯಲ್ಲಿ ಸೇರುತ್ತವೆ. ಓಪಿಯಾಯ್ಡ್‌ಗೆ ಪ್ರತಿಮದ್ದಾದ ನಲಾಕ್ಸೋನ್ ಅಲ್ಪ್ರಜೋಲಾಮ್‌ಗಾಗಲಿ ಕ್ಲೋರಲ್ ಹೈಡ್ರೇಟ್‌ಗಾಗಲಿ ಕೆಲಸ ಮಾಡುವುದಿಲ್ಲ. ಟ್ರಮಡಾಲ್‌ಗೆ ಇನ್ನೊಂದು ದೋಷವೂ ಇದೆ: ಅದು ಫಿಟ್ಸ್ ಬರಿಸುತ್ತದೆ, ನಿದ್ರೆಮದ್ದನ್ನು ಏಕಾಏಕಿ ನಿಲ್ಲಿಸಿದರೂ ಫಿಟ್ಸ್ ಬರುತ್ತದೆ.

ನಿಲ್ಲಿಸಿದಾಗ ಏನಾಗುತ್ತದೆಂಬುದಕ್ಕೆ ತೆಲಂಗಾಣ 2015ರಲ್ಲಿ ಸಾಕ್ಷಿಯಾಯಿತು. ಆ ವರ್ಷ ಸೆಪ್ಟೆಂಬರ್ ಸುಮಾರಿಗೆ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ದಾಳಿಗಳನ್ನು ಬಿಗಿಗೊಳಿಸಿತು. ಉದ್ದೇಶ ಸರಿಯಾದದ್ದೇ. ಆದರೆ ನಿಜಾಮಾಬಾದ್, ಮೆಹಬೂಬ್‌ನಗರ ಕಡೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಆ ಮದ್ದಿಗೆ ಒಗ್ಗಿದ್ದ ಗಂಡಸರು, ಹೆಂಗಸರು, ಮುದುಕರು ಕೆಲವೇ ದಿನಗಳಲ್ಲಿ ನಡುಗತೊಡಗಿದರು, ಭ್ರಮೆಗೆ ಬಿದ್ದರು, ಫಿಟ್ಸ್ ಬಂದು ಬಿದ್ದರು. ಆಸ್ಪತ್ರೆಗಳು ತುಂಬಿದವು. ಜೀವ ಹೋದವೂ ಇವೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ಅಂಗಡಿಗಳು ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಯ ಮುಂದೆ ಮತ್ತೆ ಅದೇ ಸಾಲು. ಪೂರೈಕೆ ನಿಲ್ಲಿಸುವ ದಿನಾಂಕ ಗೊತ್ತಿದ್ದವರಿಗೆ ಹಾಸಿಗೆ, ವೈದ್ಯರು, ಮದ್ದಿನ ಪ್ರಮಾಣ ಮೆಲ್ಲಗೆ ಇಳಿಸುವ ವ್ಯವಸ್ಥೆ ಮೊದಲೇ ಸಿದ್ಧವಿರಬೇಕೆಂದು ಗೊತ್ತಿರಬೇಕಿತ್ತು. ದಕ್ಷಿಣ ಭಾರತದ ಮಾದಕವಸ್ತು ನೀತಿ ಕಲಿಯಬೇಕಾದ ಪಾಠಗಳಲ್ಲಿ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಗಡಿ ಎಂಬುದು ಈ ವ್ಯವಹಾರಕ್ಕೆ ಅನುಕೂಲ. ಕರ್ನಾಟಕದಲ್ಲಿ ಕರಾವಳಿ ಬಿಟ್ಟರೆ ಸೇಂದಿ ಇಳಿಸಲು ಅವಕಾಶವಿಲ್ಲ. ಆಂಧ್ರ, ತೆಲಂಗಾಣಗಳಲ್ಲಿ ಸೇಂದಿ ಇಳಿಸುವವರಿಗೂ ಅವರ ಸಹಕಾರ ಸಂಘಗಳಿಗೂ ಪರವಾನಗಿ ಇದೆ. ಅಲ್ಲಿ ಕಾನೂನಿನ ವೃತ್ತಿಯಾದದ್ದು ಕರ್ನಾಟಕದ ಬದಿಯಲ್ಲಿ ಕಳ್ಳಮಾಲು. ಮರ ಹತ್ತಿ ಶುದ್ಧ ಸೇಂದಿ ಇಳಿಸುವವನ ಹೊಟ್ಟೆಪಾಡಿಗೆ ಪೆಟ್ಟು ಕೊಟ್ಟಿರುವುದೂ ಈ ಪೌಡರ್ ದಂಧೆಯೇ; ಅವನನ್ನೂ ದಂಧೆಕೋರನನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಕುಂದುರ್ಪಿಯ ಒಬ್ಬ ರೋಗಿ ಪಾವಗಡದಲ್ಲಿ ಔಷಧ ಕೊಂಡರೆ ಲೆಕ್ಕ ಒಂದು ರಾಜ್ಯದ ಔಷಧ ಇನ್‌ಸ್ಪೆಕ್ಟರ್ ಬಳಿ, ರೋಗಿ ಇನ್ನೊಂದು ರಾಜ್ಯದಲ್ಲಿ. ಅಬಕಾರಿ, ಔಷಧ ನಿಯಂತ್ರಣ, ಪೊಲೀಸ್ ಎಂದು ಮೂರು ಇಲಾಖೆ, ಅದು ಎರಡು ರಾಜ್ಯಕ್ಕೆ ಆರು.

ಔಷಧದಂಗಡಿಯ ಕೌಂಟರ್ ಕಡೆಗೂ ಒಮ್ಮೆ ನೋಡಬೇಕು. 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಎಚ್1 ಅನುಸೂಚಿಯಲ್ಲಿ ಟ್ರಮಡಾಲ್, ಅಲ್ಪ್ರಜೋಲಾಮ್, ಡಯಜೆಪಾಮ್ ಇವೆ. ಸ್ಟ್ರಿಪ್ಪಿನ ಮೇಲೆ ಕೆಂಪು ಅಂಚಿನ ಚೌಕದೊಳಗೆ ಎಚ್ಚರಿಕೆ, ಕೆಂಪಕ್ಷರದಲ್ಲಿ ಆರ್‌ಎಕ್ಸ್ ಗುರುತು ಇರಬೇಕು. ಅಂಗಡಿಯವರು ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟರೆಂಬುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು 3 ವರ್ಷ ಇಟ್ಟುಕೊಳ್ಳಬೇಕು. ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿ ನಾಲ್ಕು ಗುಳಿಗೆ ಕೈಗಿಡುವಾಗ ಎಚ್ಚರಿಕೆಯ ಚೌಕ ಅಂಗಡಿಯಲ್ಲೇ ಉಳಿಯುತ್ತದೆ, ಗುಳಿಗೆಯ ಹೆಸರೂ ಅರ್ಧ ಉಳಿಯುತ್ತದೆ. ಕಟ್ಟಡ ಕೆಲಸ ಮಾಡಿ ಮೈ ನೊಂದವರಿಗೆ ಚೀಟಿಗಾಗಿ ಒಂದು ದಿನದ ಕೂಲಿ ಬಿಡುವುದು ಆಗದ ಮಾತು. ಆದ್ದರಿಂದ ಬಿಗಿ ಮಾಡುವುದೆಂದರೆ ಅಂಗಡಿಗೆ ಬೀಗ ಹಾಕುವುದಷ್ಟೇ ಆಗಬಾರದು. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಂಜೆ ಹೊತ್ತು ವೈದ್ಯರು ಸಿಗುವುದೂ ಮಾದಕವಸ್ತು ನೀತಿಯ ಭಾಗವೇ.

ಆಂಧ್ರ ಸರ್ಕಾರ 2024ರ ಕೊನೆಯಲ್ಲಿ ‘ಈಗಲ್’ ಎಂಬ ವಿಶೇಷ ಪೊಲೀಸ್ ದಳ ರಚಿಸಿ 1972 ಸಂಖ್ಯೆಯ ದೂರವಾಣಿ ತೆರೆಯಿತು. ವಿಶಾಖಪಟ್ಟಣದ ಏಜೆನ್ಸಿ ಎಂಬ ಬುಡಕಟ್ಟು ಗುಡ್ಡಗಾಡಿನ ಗಾಂಜಾ ಅದರ ಮುಖ್ಯ ಗುರಿ. ಆದರೆ 2025ರ ಮಾರ್ಚ್ 21ರಂದು ‘ಆಪರೇಷನ್ ಗರುಡ’ ಹೆಸರಿನಲ್ಲಿ ಈಗಲ್, ವಿಜಿಲೆನ್ಸ್, ಔಷಧ ನಿಯಂತ್ರಣ ಇಲಾಖೆಗಳು ಒಟ್ಟಾಗಿ ರಾಜ್ಯದಾದ್ಯಂತ ಔಷಧದಂಗಡಿಗಳನ್ನು ತಪಾಸಣೆ ಮಾಡಿದವು. ಬೇರೆ ಬೇರೆ ಇಲಾಖೆಯವರು ಒಂದೇ ದಿನ ಒಟ್ಟಿಗೆ ಹೊರಟದ್ದು ಒಳ್ಳೆಯ ಹೆಜ್ಜೆ. ಗಡಿಯ ಕರ್ನಾಟಕದ ಬದಿಯೂ ಅದೇ ದಿನ ಹೊರಟಿದ್ದರೆ ಇನ್ನೂ ಚೆನ್ನಾಗಿತ್ತು.

ಕಾನೂನು

1985ರ ಮಾದಕದ್ರವ್ಯ ಮತ್ತು ಅಮಲು ಪದಾರ್ಥಗಳ ಕಾಯ್ದೆ, ಅಂದರೆ ಎನ್‌ಡಿಪಿಎಸ್, ಆ ವರ್ಷ ನವೆಂಬರ್ 14ರಂದು ಜಾರಿಗೆ ಬಂತು. 2001ರ ತಿದ್ದುಪಡಿ ಶಿಕ್ಷೆಯನ್ನು ಪ್ರಮಾಣಕ್ಕೆ ತಕ್ಕಂತೆ ಮೂರು ಹಂತ ಮಾಡಿತು. ಈಗ ಅಲ್ಪ ಪ್ರಮಾಣಕ್ಕೆ ಒಂದು ವರ್ಷದವರೆಗೆ, ನಡುವಿನದಕ್ಕೆ 10 ವರ್ಷದವರೆಗೆ, ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ. ಟ್ರಮಡಾಲ್‌ನಲ್ಲಿ ಅಲ್ಪ ಪ್ರಮಾಣ 5 ಗ್ರಾಂ, ವಾಣಿಜ್ಯ ಪ್ರಮಾಣ 250 ಗ್ರಾಂ. ಅಲ್ಪ್ರಜೋಲಾಮ್‌ಗೆ 5 ಮತ್ತು 100 ಗ್ರಾಂ. ಫೆಂಟನಿಲ್‌ಗೆ 5 ಮಿಲಿಗ್ರಾಂ ಮತ್ತು 100 ಮಿಲಿಗ್ರಾಂ.

ಕಾಗದದ ಮೇಲೆ ಹದವಾಗಿ ಕಾಣುವ ಈ ಹಂತಗಳಲ್ಲಿ ಒಂದು ಬಿಗಿ ಇದೆ. ಸುಪ್ರೀಂ ಕೋರ್ಟು 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ, ಮಾದಕದ ಅಂಶವನ್ನಷ್ಟೇ ಅಲ್ಲ, ಅದರ ಜೊತೆ ಬೆರೆತ ಪದಾರ್ಥವನ್ನೂ ಸೇರಿಸಿ ತೂಗಬೇಕು ಎಂದಿತು. 50 ಮಿಲಿಗ್ರಾಂ ಟ್ರಮಡಾಲ್ ಇರುವ ಗುಳಿಗೆಯ ಒಟ್ಟು ತೂಕ ಅದರ ಹಲವು ಪಟ್ಟು. ಹಾಗಾಗಿ ತನಗೆಂದೇ ಕೆಲವು ಸ್ಟ್ರಿಪ್ ಇಟ್ಟುಕೊಂಡ ವ್ಯಸನಿ ಅಲ್ಪ ಪ್ರಮಾಣದ ಗೆರೆ ದಾಟಿ 10 ವರ್ಷದ ಶಿಕ್ಷೆಯ ಹಂತಕ್ಕೆ ಬಂದುಬಿಡಬಹುದು. ಕಾಯ್ದೆಯ 64ಎ ಸೆಕ್ಷನ್ ಚಿಕಿತ್ಸೆಗೆ ತಾನಾಗಿ ಮುಂದೆ ಬರುವ ವ್ಯಸನಿಗೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಆದರೆ ಆ ರಕ್ಷಣೆ ಅಲ್ಪ ಪ್ರಮಾಣದವರಿಗೆ ಮತ್ತು ಸ್ವಂತ ಸೇವನೆಯ ಅಪರಾಧಕ್ಕೆ ಸೀಮಿತ. ಗೆರೆ ದಾಟಿದವನಿಗೆ ಆಸ್ಪತ್ರೆಯ ಬಾಗಿಲು ಮುಚ್ಚಿ ಜೈಲಿನ ಬಾಗಿಲು ತೆರೆಯುತ್ತದೆ. ಟಪೆಂಟಡಾಲ್ 2018ರ ಅಧಿಸೂಚನೆಯಿಂದ ಹೊರಗುಳಿದದ್ದರಿಂದ ಅದನ್ನು ಹಿಡಿದ ಪೊಲೀಸರು ಔಷಧ ಕಾಯ್ದೆಯ ಕಡೆ ನೋಡಬೇಕಾಯಿತು. ಒಂದೊಂದೇ ಹೆಸರನ್ನು ಪಟ್ಟಿಗೆ ಸೇರಿಸುವ ಪದ್ಧತಿ ಹೊಸ ಮದ್ದಿಗಿಂತ ಯಾವಾಗಲೂ ಒಂದು ಹೆಜ್ಜೆ ಹಿಂದೆಯೇ.

ನೋವಿನಲ್ಲಿರುವವರು

ಬಿಗಿಯ ಬೆಲೆ ತೆತ್ತವರು ಇನ್ನೊಂದು ಗುಂಪಿನವರೂ ಇದ್ದಾರೆ. ಜಗತ್ತಿಗೆ ಕಾನೂನುಬದ್ಧವಾಗಿ ಅಫೀಮು ಬೆಳೆದುಕೊಡುವ ದೇಶ ಭಾರತ. ನೀಮಚ್ ಮತ್ತು ಗಾಜಿಪುರದಲ್ಲಿ ಸರ್ಕಾರಿ ಅಫೀಮು ಕಾರ್ಖಾನೆಗಳಿವೆ. ಆದರೆ 1985ರ ಕಾಯ್ದೆ ಬಂದ ಮೇಲೆ ದೇಶದೊಳಗೆ ಚಿಕಿತ್ಸೆಗೆ ಬಳಸುವ ಮಾರ್ಫಿನ್ ಪ್ರಮಾಣ ಪಾತಾಳಕ್ಕೆ ಇಳಿಯಿತು. ಒಂದು ಬಾಟಲಿ ಮಾರ್ಫಿನ್‌ಗೆ ಹಲವು ಇಲಾಖೆಗಳ ಪರವಾನಗಿ ಬೇಕಿತ್ತು. ಒಂದು ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಆಸ್ಪತ್ರೆಗಳು ಈ ರಗಳೆಯೇ ಬೇಡವೆಂದು ಕೈಬಿಟ್ಟವು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರ ದೀರ್ಘ ಹೋರಾಟದ ಫಲವಾಗಿ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿದಂತೆ 6 ಔಷಧಗಳು ‘ಅಗತ್ಯ ಮಾದಕ ಔಷಧ’ಗಳೆನಿಸಿದವು. ಮಾನ್ಯತೆ ಪಡೆದ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿಯಿಂದ ಇವನ್ನು ಇಟ್ಟುಕೊಳ್ಳಬಹುದು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಮತ್ತು ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಮಾರ್ಫಿನ್ ಸಿಗುತ್ತದೆ. ಕಲ್ಯಾಣದುರ್ಗದಿಂದಲೋ ಮಡಕಶಿರಾದಿಂದಲೋ ಬಂದ ರೋಗಿ ಊರಿಗೆ ಮರಳಿದ ಮೇಲೆ ಅದೇ ಗುಳಿಗೆ ಹತ್ತಿರದಲ್ಲಿ ಸಿಗಬೇಕು. ಫೆಂಟನಿಲ್ ಎಂದರೆ ಸಾವು ಎಂಬ ಸುದ್ದಿ ಟಿವಿಯಲ್ಲಿ ನೋಡಿದ ಮನೆಯವರು ವೈದ್ಯರು ಬರೆದ ಪಟ್ಟಿಯನ್ನು ಚರ್ಮಕ್ಕೆ ಅಂಟಿಸಲು ಹೆದರಿದರೆ ಆ ರೋಗಿ ಕೊನೆಯ ದಿನಗಳನ್ನು ಚೀರುತ್ತಲೇ ಕಳೆಯಬೇಕಾಗುತ್ತದೆ. ಚಟದ ಭಯವನ್ನೂ ನೋವು ನಿವಾರಣೆಯ ಹಕ್ಕನ್ನೂ ಒಟ್ಟಿಗೆ ಹೇಳದ ಜಾಗೃತಿ ಅರ್ಧ ಜಾಗೃತಿ.

ಹೊರದೇಶದ ಪ್ರಯೋಗಗಳು

ಪೋರ್ಚುಗಲ್ 2001ರ ಜುಲೈನಿಂದ ಸ್ವಂತ ಬಳಕೆಯ ಅಲ್ಪ ಪ್ರಮಾಣವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, ಜೊತೆಗೇ ಚಿಕಿತ್ಸೆಗೆ ಹಣ ಹಾಕಿತು. ಸಾವು ಮತ್ತು ಎಚ್‌ಐವಿ ಎರಡೂ ಇಳಿದವು. ಅಮೆರಿಕದ ಆರೆಗನ್ ರಾಜ್ಯ 2020ರಲ್ಲಿ ಜನಮತದಿಂದ ಅದೇ ದಾರಿ ಹಿಡಿಯಿತು, ಚಿಕಿತ್ಸೆಯ ವ್ಯವಸ್ಥೆ ತಡವಾಯಿತು, ಫೆಂಟನಿಲ್ ಅದೇ ಹೊತ್ತಿಗೆ ಬಂತು, 2024ರಲ್ಲಿ ರಾಜ್ಯ ಆ ದಾರಿಯಿಂದ ಹಿಂದೆ ಸರಿಯಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾ 2023ರ ಜನವರಿ ಕೊನೆಗೆ ಶುರುಮಾಡಿ, 2024ರ ಮೇನಲ್ಲಿ ಸಾರ್ವಜನಿಕ ಸ್ಥಳದ ಬಳಕೆಯನ್ನು ಮತ್ತೆ ನಿಷೇಧಿಸಿತು. ಶಿಕ್ಷೆ ತೆಗೆಯುವುದೂ ಚಿಕಿತ್ಸೆ ಕೊಡುವುದೂ ಒಂದೇ ಅಲ್ಲವೆಂಬುದು ಈ ಮೂರರಿಂದ ಸ್ಪಷ್ಟ.

ಚಿಕಿತ್ಸೆ

ಓಪಿಯಾಯ್ಡ್ ವ್ಯಸನಕ್ಕೆ ಅತ್ಯಂತ ಹೆಚ್ಚು ಪುರಾವೆಯಿರುವ ಚಿಕಿತ್ಸೆ ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನನ್ನು ವೈದ್ಯರ ನಿಗಾದಲ್ಲಿ ದೀರ್ಘಕಾಲ ಕೊಡುವುದು. ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸುತ್ತಾರೆ ಎಂಬ ಆಕ್ಷೇಪ ಹಳೆಯದು. ಆದರೆ ಈ ಮದ್ದು ತೆಗೆದುಕೊಳ್ಳುವವನು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಾನೆ, ಸೂಜಿ ಬಿಡುತ್ತಾನೆ, ಸಾವಿನ ಅಪಾಯವೂ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪಂಜಾಬ್ 2017ರ ಅಕ್ಟೋಬರ್‌ನಿಂದ ಊರೂರಿನ ಹೊರರೋಗಿ ಕ್ಲಿನಿಕ್ಕುಗಳಲ್ಲಿ ಬ್ಯುಪ್ರೆನಾರ್ಫಿನ್ ಕೊಡತೊಡಗಿತು. ಅಂಥವು ಈಗ 500ಕ್ಕೂ ಹೆಚ್ಚಿವೆ. ದಕ್ಷಿಣದಲ್ಲಿ ಆ ಮಟ್ಟದ ಜಾಲ ಇಲ್ಲ.

ಕರ್ನಾಟಕದ ಹಳ್ಳಿಗಳಿಗೆ ಪರಿಚಯವಿರುವುದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು. ಊರಿನವರೇ ಸೇರಿ ನಡೆಸುವ, ಹೆಂಡತಿ ಮಕ್ಕಳನ್ನೂ ಒಳಗೊಳ್ಳುವ ಆ ಶಿಬಿರಗಳು ಎಷ್ಟೋ ಮನೆ ಉಳಿಸಿವೆ. ಆದರೆ ಗುಳಿಗೆ ಅಥವಾ ಕಲಬೆರಕೆ ಸೇಂದಿಯ ವ್ಯಸನಿಯನ್ನು ವೈದ್ಯರಿಲ್ಲದೆ ಏಕಾಏಕಿ ನಿಲ್ಲಿಸುವುದು ಅಪಾಯ: ಅಲ್ಪ್ರಜೋಲಾಮ್ ಬಿಟ್ಟವನಿಗೆ ಫಿಟ್ಸ್, ಓಪಿಯಾಯ್ಡ್ ಬಿಟ್ಟವನಿಗೆ ಮನೆಗೆ ಹೋದ ಮೇಲೆ ಹಳೆಯ ಅಳತೆಯ ಸಾವು. ಶಿಬಿರದ ಆಪ್ತತೆ ಮತ್ತು ಆಸ್ಪತ್ರೆಯ ಮದ್ದು ಒಂದಾಗಬೇಕು. ಕಟ್ಟಿಹಾಕಿ ಹೊಡೆಯುವ ಖಾಸಗಿ ‘ವ್ಯಸನಮುಕ್ತಿ’ ಕೇಂದ್ರಗಳಿಗೆ ಮಾತ್ರ ಎಲ್ಲೂ ಜಾಗವಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿ, ಇಂಥ ಕೇಂದ್ರಗಳು ನೋಂದಾಯಿಸಿಕೊಳ್ಳಲೇಬೇಕೆಂದಿದೆ.

ನಲಾಕ್ಸೋನ್ 1961ರಲ್ಲಿ ಪೇಟೆಂಟ್ ಆದ ಹಳೆಯ ಔಷಧ. ಗ್ರಾಹಕಗಳಿಂದ ಓಪಿಯಾಯ್ಡನ್ನು ತಳ್ಳಿ ನಿಮಿಷಗಳಲ್ಲಿ ಉಸಿರು ಮರಳಿಸುತ್ತದೆ. ಚಟ ಹಿಡಿಸುವುದಿಲ್ಲ, ಓಪಿಯಾಯ್ಡ್ ತೆಗೆದುಕೊಳ್ಳದವನಿಗೆ ಕೊಟ್ಟರೂ ಹಾನಿಯಿಲ್ಲ. ಅದರ ಪ್ರಭಾವ ಒಂದೂವರೆ ಗಂಟೆಯೊಳಗೆ ಇಳಿಯುವುದರಿಂದ ಎಚ್ಚರಗೊಂಡವನನ್ನು ಮನೆಗೆ ಕಳಿಸದೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬೇಕು; ನಿಟಜೀನ್ ಆಗಿದ್ದರೆ ಮತ್ತೆ ಮತ್ತೆ ಕೊಡಬೇಕಾಗಬಹುದು. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಇದನ್ನು ವ್ಯಸನಿಗಳ ಮನೆಯವರ ಕೈಗೂ ಕೊಡಿ ಎಂದಿತು. ಅಮೆರಿಕ 2023ರ ಮಾರ್ಚ್‌ನಲ್ಲಿ ಮೂಗಿಗೆ ಸಿಂಪಡಿಸುವ ರೂಪಕ್ಕೆ ಚೀಟಿ ಬೇಡವೆಂದಿತು. ಭಾರತದಲ್ಲಿ ಇದು ಈಗಲೂ ಮುಖ್ಯವಾಗಿ ಆಸ್ಪತ್ರೆಯೊಳಗಿನ ಇಂಜೆಕ್ಷನ್. ಉಸಿರು ನಿಲ್ಲುತ್ತಿರುವವನನ್ನು ಮೊದಲು ಮುಟ್ಟುವುದು 108 ಆ್ಯಂಬುಲೆನ್ಸಿನ ಸಿಬ್ಬಂದಿ; ಕನಿಷ್ಠ ಅವರ ಕೈಗಾದರೂ ಇದು ತಪ್ಪದೆ ಸಿಗಬೇಕು. ಆ್ಯಂಬುಲೆನ್ಸ್ ಬರುವವರೆಗೆ ಆ ವ್ಯಕ್ತಿಯನ್ನು ಮಗ್ಗುಲಾಗಿ ಮಲಗಿಸಬೇಕು, ಉಸಿರು ನಿಂತಿದ್ದರೆ ಬಾಯಿಂದ ಉಸಿರು ಕೊಡಬೇಕು, ಒಬ್ಬನನ್ನೇ ಬಿಡಬಾರದು. ನೀರು, ಮಜ್ಜಿಗೆ, ನಿಂಬೆರಸ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ.

ಸರ್ಕಾರದ ವ್ಯವಸ್ಥೆಯಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದ ಪುನರ್ವಸತಿ ಕೇಂದ್ರಗಳು, ಏಮ್ಸ್ ಮೂಲಕ ಸರ್ಕಾರಿ ಆಸ್ಪತ್ರೆಗಳಲ್ಲಿ ತೆರೆದ ವ್ಯಸನ ಚಿಕಿತ್ಸಾ ಘಟಕಗಳು, 2020ರ ಆಗಸ್ಟ್ 15ರಂದು 272 ಜಿಲ್ಲೆಗಳಲ್ಲಿ ಶುರುವಾದ ನಶಾ ಮುಕ್ತ ಭಾರತ ಅಭಿಯಾನ ಇವೆ. ವ್ಯಸನದ ಬಗ್ಗೆ ಸಲಹೆಗೆ 14446, ಮಾದಕವಸ್ತು ಮಾರಾಟದ ಮಾಹಿತಿ ಕೊಡಲು 1933 ಸಂಖ್ಯೆಯ ‘ಮಾನಸ್’ ಇದೆ. ಅನಂತಪುರ ಸೀಮೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಅನಂತಪುರದ ಸರ್ಕಾರಿ ಸಾರ್ವಜನಿಕ ಆಸ್ಪತ್ರೆ, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ; ಎರಡಕ್ಕೂ ಹೋಗಿಬರಲು ಒಂದು ದಿನದ ಕೂಲಿ, ಬಸ್ ಚಾರ್ಜು ಬೇಕು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿಮಾನಸ್ ಸೇವೆಗೆ ಅದೇ ನಿಮ್ಹಾನ್ಸ್ ಮಾರ್ಗದರ್ಶಿ ಸಂಸ್ಥೆ. 14416ಕ್ಕೆ ಕರೆ ಮಾಡಿದರೆ ದಿನದ ಯಾವ ಹೊತ್ತಿನಲ್ಲೂ ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡುವವರು ಸಿಗುತ್ತಾರೆ.